ಗೋಡೆಯ ಆಚೆ ಅರ್ಧ ಗಂಟೆ

ನಮ್ಮ ನಗರಸಭೆಯಲ್ಲಿ ಸದ್ದುಗದ್ದಲದ ದೂರು ತೆಗೆದುಕೊಳ್ಳುವ ಮೇಜು ಇರುವುದು ಜನನ ಮರಣ ನೋಂದಣಿಯ ಪಕ್ಕದಲ್ಲಿ. ಅಲ್ಲಿ ದಿನವಿಡೀ ಸೀಲು ಕುಟ್ಟುತ್ತಾರೆ. ಹಿಂದಿನ ಕಿಟಕಿಯಾಚೆ ಜನರೇಟರು. ಪಕ್ಕದ ಮನೆಯವರು ಗಲಾಟೆ ಮಾಡುತ್ತಾರೆ ಎಂದು ಹೇಳಲು ಬಂದವರು ಅದನ್ನು ಕಿರುಚಿಯೇ ಹೇಳಬೇಕು. ಮೇಜನ್ನು ಅಲ್ಲಿಟ್ಟ ಮಹಾನುಭಾವ ಯಾರೆಂದು ಹನ್ನೊಂದು ವರ್ಷದಿಂದ ವಿಚಾರಿಸುತ್ತಿದ್ದೇನೆ, ಪತ್ತೆಯಿಲ್ಲ.

ಆ ಮೇಜಿನ ಹಿಂದೆ ಕೂರುವ ಇನ್ಸ್‌ಪೆಕ್ಟರನ್ನು ಎಲ್ಲರೂ ಕರೆಯುವುದು ಕಿವಿ ಮೇಡಂ ಎಂದು. ನಾನು ಅವರ ಗುಮಾಸ್ತ. ಸದ್ದು ಅಳೆಯುವ ಮೀಟರನ್ನು ಹೊತ್ತು ಅವರ ಹಿಂದೆ ನಡೆಯುವುದು, ಅಂಕಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ದೂರು ಕೊಟ್ಟವರಿಗೆ ಮೊದಲು ಒಂದು ನೋಟ್‌ಬುಕ್ ಕೊಡುತ್ತೇವೆ. ಹದಿನೈದು ದಿನ ಯಾವಾಗ, ಎಂಥ ಸದ್ದು, ಎಷ್ಟು ಹೊತ್ತು ಎಂದು ಬರೆಯಬೇಕು. ಅರ್ಧಕ್ಕರ್ಧ ಜನ ಬರೆಯುವ ಸೋಮಾರಿತನಕ್ಕೇ ನೆರೆಯವರನ್ನು ಕ್ಷಮಿಸಿಬಿಡುತ್ತಾರೆ. ಉಳಿದವರ ಮನೆಗೆ ಹೋಗಿ ಅಳೆಯುತ್ತೇವೆ. ಮಿತಿ ಮೀರಿದ್ದರೆ ನೋಟಿಸು, ಆಮೇಲೆ ಬೀಗಮುದ್ರೆ. ಕಾನೂನು ಇಷ್ಟೇ. ಮೇಡಂ ಇದಕ್ಕೆ ತಮ್ಮದೊಂದು ಸೇರಿಸಿದ್ದರು. ಬೀಗಮುದ್ರೆಗೆ ಮುಂಚೆ ದೂರುದಾರ ಅರ್ಧ ಗಂಟೆ ಗೋಡೆಯ ಆಚೆ, ತಾನು ದೂರು ಕೊಟ್ಟವರ ಮನೆಯಲ್ಲೇ ಕೂರಬೇಕು.

“ಇದೆಲ್ಲ ಯಾಕೆ ಮೇಡಂ, ಮುದ್ರೆ ಹಾಕಿ ಕೈ ತೊಳ್ಕೊಳ್ಳೋಣ” ಎಂದು ನಾನು ಗೊಣಗಿದರೆ, “ನಿಮಗೇನು, ಬಸ್ ತಪ್ಪತ್ತಾ?” ಎನ್ನುವರು.

ಅವರ ತಂದೆ ಮನೆಯ ಮುಂದಿನ ಕೋಣೆಯಲ್ಲಿ ತಾಮ್ರದ ಪಾತ್ರೆ ತಟ್ಟುತ್ತಿದ್ದವರು. ಪಕ್ಕದವರು ದೂರು ಕೊಟ್ಟು ಅದನ್ನು ಮುಚ್ಚಿಸಿದಾಗ ಮೇಡಂಗೆ ಒಂಬತ್ತು ವರ್ಷ. ತಂದೆ ಗೋದಾಮು ಕಾಯಲು ಹೋದರು, ಮತ್ತೆ ಸುತ್ತಿಗೆ ಮುಟ್ಟಲಿಲ್ಲ. “ಅವರು ಒಂದ್ಸಲ ಒಳಗೆ ಬಂದು ಕೂತಿದ್ರೆ ಸಾಕಿತ್ತು” ಎಂದು ಮೇಡಂ ಒಮ್ಮೆ ಹೇಳಿದ್ದರು. ಅಂದಿನಿಂದ ನಾನು ಗೊಣಗುವುದನ್ನು ಕಡಿಮೆ ಮಾಡಿದ್ದೆ, ಬಿಟ್ಟಿರಲಿಲ್ಲ.

ಕಳೆದ ವರ್ಷ ಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿ ಮಾಡುವವನೊಬ್ಬ ಬಂದ. ಹಗಲು ಮಲಗಬೇಕಾದವನು. ಗೋಡೆಯಾಚೆ ಒಬ್ಬ ಹೆಂಗಸು ಕರೆಂಟಿನ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವನ ನೋಟ್‌ಬುಕ್ಕಿನಲ್ಲಿ ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ಮೇಡಂ ಪುಟ ತಿರುಗಿಸುತ್ತ ಕೇಳಿದರು, “ಬರೀ ಮಿಷನ್ನೇ ಇದೆ. ನಿಮ್ಮನೆ ಸದ್ದು ಒಂದೂ ಇಲ್ವಲ್ಲ?”

“ನಮ್ಮನೇಲಿ ಸೂಜಿ ಬಿದ್ರೂ ಕೇಳತ್ತೆ ಮೇಡಂ. ಹೆಂಡತಿ, ಮಗಳು ಇಬ್ರೂ ಹಾಗೆ ರೂಢಿ ಮಾಡ್ಕೊಂಡಿದಾರೆ. ನಾಲ್ಕು ವರ್ಷದಿಂದ ರಾತ್ರಿ ಕೆಲಸ. ನಾನೂ ಮನುಷ್ಯನೇ ಅಲ್ವಾ?”

ಕಣ್ಣು ಕೆಂಪಗಾಗಿತ್ತು. ನನಗೆ ನಿಜಕ್ಕೂ ಪಾಪ ಅನ್ನಿಸಿತು. ಅವನ ಕೋಣೆಯಲ್ಲಿ ಅಳೆದೆವು. ಮಿತಿಗಿಂತ ಮೂರು ಅಂಕ ಜಾಸ್ತಿ. ನೋಟಿಸಿನ ಗಡುವೂ ಮುಗಿಯಿತು. ಒಂದು ಬೆಳಗ್ಗೆ ಅವನು “ಮುದ್ರೆ ಯಾವಾಗ?” ಎಂದು ಕೇಳಲು ಕಚೇರಿಗೇ ಬಂದ. ಮೇಡಂ ಅವನನ್ನು ಅಲ್ಲಿಂದ ನೇರ ಹೊಲಿಗೆಯವಳ ಮನೆಗೆ ಕರೆದುಕೊಂಡು ಹೋದರು. ಹನ್ನೆರಡರ ಬಸ್ಸಿಗೆ ವಾಪಸಾಗಬಹುದು ಎಂದು ನಾನು ಲೆಕ್ಕ ಹಾಕಿದೆ.

ಹೊಲಿಗೆಯವಳು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. “ಕೂತ್ಕೊಳ್ಳಿ ಅಣ್ಣ.” ಆಮೇಲೆ ಮೇಡಂ ಕಡೆ ತಿರುಗಿ, “ಇದು ಹೋದ್ರೆ ನನಗೆ ಬೇರೆ ದಾರಿ ಇಲ್ಲ ಮೇಡಂ. ಅಂಗಡಿ ಮಾಡೋ ಶಕ್ತಿ ಇದ್ದಿದ್ರೆ ಮನೇಲಿ ಯಾಕೆ ಇಟ್ಕೋತಿದ್ದೆ?” ಎಂದಳು.

“ಮೊದಲು ಗೋಡೆ ಎಷ್ಟು ತೆಳು ಅಂತ ನೋಡೋಣ. ಮಿಷನ್ ನಿಲ್ಲಿಸಿ” ಎಂದರು ಮೇಡಂ.

ಮಿಷನ್ ನಿಂತಿತು. ಗೋಡೆಯಾಚೆ ಒಂದು ತಟ್ಟೆ ಬಿದ್ದು ಗಿರಗಿರನೆ ತಿರುಗಿತು. ಯಾರೂ ಅದನ್ನು ಹಿಡಿಯಲು ಅವಸರಪಡಲಿಲ್ಲ. ಒಬ್ಬ ಹುಡುಗಿ ಗಂಟಲು ಬಿಟ್ಟು ಹಾಡತೊಡಗಿದಳು. ಮರೆತ ಸಾಲುಗಳಿಗೆ ಇನ್ನೊಂದು ಹೆಣ್ಣುದನಿ ಬಾಯಿಗೆ ಬಂದದ್ದು ತುಂಬಿಸುತ್ತಿತ್ತು.

“ಇದು ಯಾರ ಮನೆ?” ಎಂದ ಅವನು.

“ನಿಮ್ಮದೇ ಅಣ್ಣ. ನೀವು ಹೊರಗೆ ಹೋದಾಗ ಹೀಗೇ.”

ಅಷ್ಟರಲ್ಲಿ ಹಾಡು ನಿಂತಿತು. ಹುಡುಗಿ ದನಿ ದಪ್ಪ ಮಾಡಿ, “ಏ, ಚಮಚ ಮೆತ್ತಗಿಡು. ನಾನೂ ಮನುಷ್ಯನೇ ಅಲ್ವಾ?” ಎಂದಳು. ಇನ್ನೊಬ್ಬಳು ಕೆಮ್ಮು ಬರುವಷ್ಟು ನಕ್ಕಳು. ನನಗೂ ನಗು ತಡೆಯಲಾಗುತ್ತಿರಲಿಲ್ಲ, ಮೇಡಂ ನನ್ನ ಕಾಲು ತುಳಿದರು. ಸುಮ್ಮನಿರಲಾರದೆ ಮೀಟರು ಓದಿದೆ. “ಮಿಷನ್ನಿಗಿಂತ ಎರಡು ಜಾಸ್ತಿ ಮೇಡಂ.”

“ಅದನ್ನ ಬರೀಬೇಡಿ” ಎಂದ ಅವನು. ಮುಖ ಕಪ್ಪಿಟ್ಟಿತ್ತು. ಹೊಲಿಗೆಯವಳ ಕಡೆ ತಿರುಗಿ ಕೇಳಿದ, “ನೀವ್ಯಾಕೆ ದೂರು ಕೊಡ್ಲಿಲ್ಲ?”

“ಏನಂತ ಕೊಡ್ಲಿ ಅಣ್ಣ, ನಗ್ತಾರೆ ಅಂತಾನಾ?”

ಅರ್ಧ ಗಂಟೆ ಪೂರ್ತಿ ಅವನು ಕೂತೇ ಇದ್ದ. ಆಮೇಲೆ ದೂರು ವಾಪಸು ಪಡೆಯುವ ಕಾಗದಕ್ಕೆ ರುಜು ಹಾಕಿದ. ಮಿಷನ್ನನ್ನು ಎದುರಿನ ಗೋಡೆಗೆ ಸರಿಸಲು ಅವನೂ ಕೈ ಕೊಟ್ಟ. ಅದರ ಕಾಲುಗಳ ಕೆಳಗೆ ರಬ್ಬರ್ ಹಾಸಿ, ಮಧ್ಯಾಹ್ನ ಎರಡರವರೆಗೆ ಕೈಹೊಲಿಗೆ ಮಾತ್ರ ಎಂದು ಅವಳೇ ಒಪ್ಪಿಕೊಂಡಳು. ಆಗ ಅವಳ ಕಣ್ಣಲ್ಲಿ ನೀರು ಬಂತು, ಸೆರಗಿಗೆ ಒರೆಸಿಕೊಂಡಳು.

ನಾವು ಹೊರಗೆ ಬಂದೆವು. ಅವನ ಬಾಗಿಲು ಮೂರೇ ಹೆಜ್ಜೆ. ಅವನು ಅತ್ತ ಹೋಗದೆ ಹೊಲಿಗೆಯವಳ ಮೆಟ್ಟಿಲ ಮೇಲೆ ಕೂತುಬಿಟ್ಟ.

“ನಿದ್ದೆಗೆಟ್ಟಿದೀರಿ, ಮನೆಗೆ ಹೋಗಲ್ವಾ?” ಎಂದರು ಮೇಡಂ.

“ಹೋದ್ರೆ ನಿಂತುಹೋಗತ್ತೆ ಮೇಡಂ” ಎಂದ.

ಅವನ ಮನೆಯೊಳಗೆ ಮತ್ತೆ ಹಾಡು ಶುರುವಾಗಿತ್ತು. ಮೇಡಂ ಅವನಿಂದ ಒಂದು ಮೆಟ್ಟಿಲು ಕೆಳಗೆ ಕೂತು, ಮೀಟರು ಆರಿಸಲು ನನಗೆ ಸನ್ನೆ ಮಾಡಿದರು. ಆರಿಸಿ ನಾನೂ ಅಲ್ಲೇ ಗೋಡೆಗೊರಗಿ ನಿಂತೆ. ಹನ್ನೆರಡರ ಬಸ್ಸು ಹೋಯಿತು, ಅದನ್ನು ನಾನು ಯಾರಿಗೂ ಹೇಳಲಿಲ್ಲ.