ಹಾಳೆಯ ಮೇಲುಗಡೆ ಯಾವ ದಿಕ್ಕು?

ನಕ್ಷೆಯಲ್ಲಿ ಮೇಲುಗಡೆ ಉತ್ತರ ದಿಕ್ಕು ಎಂಬುದನ್ನು ನಾನು ಯಾವಾಗ ಕಲಿತೆನೋ ನೆನಪಿಲ್ಲ. ಹುಟ್ಟುವಾಗಲೇ ಗೊತ್ತಿತ್ತೇನೋ ಎಂಬ ಗತ್ತಿನಲ್ಲಿ ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಎಂಥ ಚೆಂದದ ದಿನಗಳವು! ಬಾಣಾವರದ ಹುಡುಗರು ರೈಲು ಲೇಟೆಂದು ಮೊದಲ ಪೀರಿಯಡ್ಡಿಗೆ ಚಕ್ಕರ್ ಹೊಡೆಯುತ್ತಿದ್ದರು. ರೈಲು ಸರಿಯಾಗಿ ಬಂದ ದಿನವೂ ಅವರ ಲೆಕ್ಕದಲ್ಲಿ ಲೇಟಾಗಿರುತ್ತಿತ್ತು.

ಒಮ್ಮೆ ತರಗತಿಯಲ್ಲಿ, "ನಿಮ್ಮೂರಿಂದ ಕಾಲೇಜಿಗೆ ಬರೋ ದಾರಿಯ ನಕ್ಷೆ ಬರೆದು ತನ್ನಿ" ಎಂದೆ. ಅಷ್ಟೇ ಹೇಳಿದ್ದು. ಹಳೇಬೀಡಿನ ಪುಷ್ಪಲತ ತಂದ ಹಾಳೆ ನೋಡಿ ನನಗೆ ತಲೆ ತಿರುಗಿತು. ದಕ್ಷಿಣಕ್ಕಿರುವ ಅವರೂರ ದೇವಸ್ಥಾನ ಹಾಳೆಯ ನೆತ್ತಿಯಲ್ಲಿ, ಅರಸೀಕೆರೆ ತಳದಲ್ಲಿ! ಊರಿಗೆ ಊರೇ ಶೀರ್ಷಾಸನ ಹಾಕಿತ್ತು. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.

ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳು ಕಣ್ಣು ತುಂಬಿಕೊಂಡು ನಿಂತಿದ್ದಳು. "ಈ ಸಲ ಫೇಲಾದ್ರೆ ಓದಿದ್ದು ಸಾಕು, ಮನೇಲಿರು ಅಂತಾರೆ ಸಾರ್ ನಮ್ಮಪ್ಪ. ಇದ್ರಲ್ಲಿ ಏನ್ ತಪ್ಪೈತೆ ಸಾರ್?"

"ದೇವಸ್ಥಾನ ಯಾಕಮ್ಮಾ ಮೇಲೆ ಹಾಕಿದೀಯ?"

"ದೇವರನ್ನ ಕೆಳಕ್ಕೆ ಹಾಕಕ್ಕಾಯ್ತದಾ ಸಾರ್? ಹಾಳೆ ಮೇಲ್ಗಡೆ ಶ್ರೀ ಬರೀತೀವಲ್ಲ, ಹಂಗೇ."

"ಮೇಲ್ಗಡೆ ಉತ್ತರ ದಿಕ್ಕಿರಬೇಕಲ್ಲಮ್ಮಾ!"

"ಅಂಗಂತ ನೀವು ಹೇಳ್ಲೇ ಇಲ್ವಲ್ಲ ಸಾರ್."

ಹೇಳಿರಲಿಲ್ಲ, ನಿಜ. ಹಾಳೆಯನ್ನು ತಿರುಗಿಸಿ ಹಿಡಿದೆ. ಅರಸೀಕೆರೆಯ ರೈಲ್ವೆ ಗೇಟು, ಜಾವಗಲ್ಲಿನ ತಿರುವು, ಕೆರೆ ಏರಿ, ಎಲ್ಲವೂ ಇರಬೇಕಾದಲ್ಲೇ ಇದ್ದವು. ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಅವಳು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ನಾವು ಮೇಷ್ಟರುಗಳೇ ಹೀಗೆ. ಹೇಳಿಕೊಟ್ಟದ್ದಕ್ಕಿಂತ ಹೇಳದೆ ಬಿಟ್ಟದ್ದಕ್ಕೇ ಹೆಚ್ಚು ಅಂಕ ಕಳೆಯುತ್ತೇವೆ. ಮನೆಯಲ್ಲಿ ನನ್ನ ಹೆಂಡತಿಯದೂ ಇದೇ ಪದ್ಧತಿ. ಉಪ್ಪು ಮುಗಿದಿರುವುದು ನನಗೆ ತಾನಾಗಿಯೇ ಹೊಳೆಯಬೇಕು. ಆ ಪರೀಕ್ಷೆಯಲ್ಲಿ ನಾನು ಇವತ್ತಿನವರೆಗೆ ಪಾಸಾಗಿಲ್ಲ, ಅಲ್ಲಿ ಮರುಮೌಲ್ಯಮಾಪನವೂ ಇಲ್ಲ.

ಪುಷ್ಪಲತ ಪಾಸಾದಳು, ಮುಂದೆ ಓದಿದಳು, ಬೇಲೂರಿನ ಕಡೆಯ ಶಾಲೆಯೊಂದರಲ್ಲಿ ಟೀಚರಾದಳು. ಮೊನ್ನೆ ಹಳೇಬೀಡಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕರೆಯೋಲೆ ಕಳಿಸಿದ್ದಳು. ಹಿಂಬದಿಯಲ್ಲಿ ದಾರಿಯ ನಕ್ಷೆ. ನೋಡುತ್ತೇನೆ, ದೇವಸ್ಥಾನ ಈಗಲೂ ನೆತ್ತಿಯಲ್ಲೇ ಇದೆ! ಪಕ್ಕದಲ್ಲಿ ಕೆಳಮುಖವಾಗಿ ಒಂದು ದಪ್ಪ ಬಾಣ, 'ಉತ್ತರ ದಿಕ್ಕು ಈ ಕಡೆ' ಎಂದು. ಅದರಡಿ ಅವಳದೇ ಕೈಬರಹ: "ಈ ಸಲ ಹೇಳಿದೀನಿ ಸಾರ್."

ಯಾರನ್ನೂ ದಾರಿ ಕೇಳದೆ ನೆಟ್ಟಗೆ ಅವಳ ಮನೆ ಬಾಗಿಲಿಗೆ ಹೋಗಿ ನಿಂತೆ.