ಅಣ್ಣನ ಕಣ್ಣಿಗೆ ನಾನು ಆರಿಸಿದ್ದು

ಅಣ್ಣಾ, ನಿನ್ನ ಎಡಗಣ್ಣು ಹೋದದ್ದು ನಿನ್ನ ಅಸಡ್ಡೆಯಿಂದಲ್ಲ. ನನ್ನಿಂದ. ಡಾಕ್ಟರು ಹೇಳಿದ್ದನ್ನು ನಾನು ನಿನಗೆ ಮುಟ್ಟಿಸಲೇ ಇಲ್ಲ—ಆಮೇಲೆ, ಮುಟ್ಟಿಸಿದ್ದೆನೆಂದು ಸುಳ್ಳಾಡಿದೆ.

ಬಂಡ್ರಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ನೀನು ಗಣಿಯಲ್ಲಿ ದುಡಿದು ಓದಿಸಿದೆ. ಆಸ್ಪತ್ರೆಯಾಗಲಿ ಕಚೇರಿಯಾಗಲಿ, ಓದಿದವನು ಒಳಗೆ ಹೋಗುವುದು, ಉಳಿದವರು ಹೊರಗೆ ಕೂರುವುದು—ಅದೇ ನಮ್ಮ ರೂಢಿ. ಹೊಸಪೇಟೆಯ ಕಣ್ಣಾಸ್ಪತ್ರೆಯಲ್ಲೂ ಹಾಗೇ ಆಯಿತು.

ನಿನ್ನ ಕಣ್ಣೊಳಗಿನ ಉರಿಯೂತ ಮತ್ತೆ ಮತ್ತೆ ಮರಳುತ್ತಿತ್ತು. ಕಣ್ಣೊಳಗೆ ಕೂತು ಅಲ್ಲೇ ಸ್ಟೀರಾಯ್ಡ್ ಔಷಧ ಬಿಡುವ ಸಣ್ಣ ತುಣುಕು, ಇಂಪ್ಲಾಂಟು, ಅದರಲ್ಲಿ ಎರಡು ಬಗೆ ಎಂದರು ಡಾಕ್ಟರು. ಒಂದು ಕೆಲವು ತಿಂಗಳಲ್ಲಿ ಕರಗುತ್ತದೆ. ರೋಗ ಮರಳಿದರೆ ಇನ್ನೊಂದು ಹಾಕಿಸಬೇಕು. ಮತ್ತೊಂದು ಕರಗದೆ ವರ್ಷಗಟ್ಟಲೆ ಔಷಧ ಬಿಡುತ್ತದೆ. ಎರಡರಿಂದಲೂ ಕಣ್ಣಿನ ಒತ್ತಡ ಏರಬಹುದು. "ಎರಡನೇದು ಹಾಕಿಸಿದ್ರ ವರ್ಷಗಟ್ಲೆ ತಪ್ಪದಂಗ ಒತ್ತಡ ನೋಡಿಸ್ಬೇಕು. ನಿಮ್ಮಣ್ಣನ್ನ ಕೇಳಿ ಹೇಳ್ರಿ."

ಕೇಳಲಿಲ್ಲ. ನಿನ್ನನ್ನು ಕರೆದುಕೊಂಡು ಓಡಾಡುವುದು ನನಗೆ ಬೇಡವಾಗಿತ್ತು. ಕರಗದಿರುವುದನ್ನೇ ಆರಿಸಿ, "ಒಂದ್ಸಲ ಹಾಕಿಸಿದ್ರ ಮುಗೀತು" ಅಂತ ನಿನಗೆ ಅಂದೆ. ತೋರಿಸಿದಲ್ಲಿ ನೀನು ಹೆಬ್ಬೆಟ್ಟು ಒತ್ತಿದೆ.

ಕೆಲವು ತಿಂಗಳಿಗೆ ನೀನು ನನ್ನ ಕಚೇರಿಗೇ ಬಂದೆ. ಮೈತುಂಬ ಕೆಂಪು ಧೂಳು. ತಲೆ ಹಿಡಿದುಕೊಂಡು ಬಾಗಿಲಲ್ಲೇ ವಾಂತಿ ಮಾಡಿದೆ. ನನ್ನ ಜೊತೆ ಕೆಲಸದವರು ನಕ್ಕರು. "ಸಾಹೇಬ್ರ ಅಣ್ಣಾವ್ರು ಬೆಳಗ್ಗೇನ ಏರಿಸ್ಯಾರ!"

ಕೊರಳಪಟ್ಟಿ ಹಿಡಿದು ನಿನ್ನನ್ನು ಹಿತ್ತಲಿಗೆ ಎಳೆದೊಯ್ದೆ.

"ಕುಡ್ದು ಬಂದೀಯೇನಲೇ?"

"ಕುಡ್ದಿಲ್ಲೋ ತಮ್ಮಾ. ಕಣ್ಣು ಒಡದು ಹೋಗ್ತೈತಿ. ಲೈಟಿನ ಸುತ್ತ ಬಣ್ಣ ಕಾಣ್ತಾವ..."

ಮುಖಕ್ಕೆ ಹೊಡೆದೆ. ನೀನು ಗೋಡೆಗೆ ಬಡಿದು ಬಿದ್ದೆ. ಬಿದ್ದವನ ಪಕ್ಕೆಗೆ ಒದ್ದೆ—ಬೂಟುಗಾಲಲ್ಲಿ, ಎರಡು ಸಲ. ಬಾಯಿಂದ ರಕ್ತ ಬಂತು. ನೀನು ಕೈ ಎತ್ತಲಿಲ್ಲ. ಎತ್ತಿದ್ದರೆ ನನ್ನ ಕೈಯನ್ನೇ ಮುರಿಯುತ್ತಿದ್ದೆ, ಅಷ್ಟು ಬಲ ನಿನಗಿತ್ತು. ಬಣ್ಣ ಕಾಣುವುದೆಂದರೇನೆಂದು ನನಗೆ ಗೊತ್ತಿತ್ತು, ಅಣ್ಣಾ. ಅದು ಕಣ್ಣಿನ ಒತ್ತಡ ಏರಿದ ಗುರುತು ಎಂದು ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಓದಿದ್ದೆ. ಆದರೂ ಬಸ್ಸು ಹತ್ತಿಸಿ ಊರಿಗೆ ಕಳಿಸಿದೆ.

ಎಂಟು ದಿನ ಕಳೆದು ಅತ್ತಿಗೆ ಅಳುತ್ತಾ ಆಸ್ಪತ್ರೆಗೆ ಕರೆತಂದಾಗ ಕಣ್ಣಿನ ನರವೇ ಸತ್ತಿತ್ತು. ಒತ್ತಡ ನೋಡಿಸಲು ಯಾಕೆ ಬರಲಿಲ್ಲವೆಂದು ಡಾಕ್ಟರು ಕೇಳಿದರು. ನಿನ್ನೆದುರಿಗೇ ಅಂದೆ: "ಎಷ್ಟು ಹೇಳಿದ್ರೂ ಬರ್ಲಿಲ್ರಿ."

ನೀನು ತಲೆ ತಗ್ಗಿಸಿದೆ. "ತಮ್ಮ ಹೇಳಿರ್ತಾನ್ರಿ. ನಂಗ ತಿಳ್ದಿರಾಕಿಲ್ಲ."

ನನ್ನ ಒದೆತಕ್ಕಿಂತ ನಿನ್ನ ಆ ಮಾತು—ಇಲ್ಲ, ಹೋಲಿಸುವ ಹಕ್ಕು ನನಗಿಲ್ಲ.

ಈಗ ನಿನ್ನ ಬಲಗಣ್ಣೂ ಕೆಂಪಾಗಿದೆ. ಇದಕ್ಕೆ ಇಂಪ್ಲಾಂಟ್ ಹಾಕಬಹುದೇ, ಯಾವುದು, ಇಲ್ಲವೇ ಬೇರೆ ದಾರಿಯೇ ಎಂದು ಡಾಕ್ಟರು ನಾಳೆ ನೋಡುತ್ತಾರೆ. ಆದರೆ ನಿನ್ನ ಹಳೆಯ ಚೀಟಿಯಲ್ಲಿ 'ಹೇಳಿದರೂ ತಪಾಸಣೆಗೆ ಬರುವುದಿಲ್ಲ' ಎಂದಿದೆ. ಅದು ನಿನ್ನ ಗುಣವಲ್ಲ, ನನ್ನ ಸುಳ್ಳು. ಅದನ್ನು ನಂಬಿದರೆ ಅವರು ಈ ಕಣ್ಣಿಗೂ ತಪ್ಪು ತೀರ್ಮಾನ ಮಾಡಿಯಾರು.

ಇದನ್ನು ಇವತ್ತು ನಿನಗೆ ಓದಿ ಹೇಳುತ್ತೇನೆ, ಒದ್ದದ್ದನ್ನೂ ಬಿಡದೆ. ನಾಳೆ ಡಾಕ್ಟರಿಗೂ ಹೇಳುತ್ತೇನೆ. ಆಮೇಲೆ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾವುದರಿಂದ ಏನಾಗುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳು. ತಿಳಿಯದಿದ್ದರೆ ಮತ್ತೆ ಕೇಳು—ತಿಳಿಯುವ ತನಕ ಕೇಳು.