ಕಾಕನಿಗೆ ಬ್ಯಾಂಕಾಕ್ ಬೇಕಿತ್ತು

ಕಳೆದ ವಾರ ನಮ್ಮ ಆಫೀಸಿನ ಹುಡುಗಿಯೊಬ್ಬಳು ರಜೆ ಮುಗಿಸಿ ಬಂದಳು. ಗಂಡನ ಜೊತೆ ಥಾಯ್ಲೆಂಡಿಗೆ ಹೋಗಿದ್ದಳಂತೆ. ಎಲ್ಲರ ಮೇಜಿನ ಮೇಲೂ ಬೆರಳುದ್ದದ ಒಂದೊಂದು ಪ್ಲಾಸ್ಟಿಕ್ ನಳಿಗೆ ಇಟ್ಟು ಹೋದಳು. ಶೀತವಾದಾಗ ಮೂಗಿಗೆ ಹಿಡಿದು ಎಳೆಯುವಂಥದ್ದು. ನನಗೆ ಶೀತವೇನೂ ಇರಲಿಲ್ಲ. ದೋಹಾದ ವೆಸ್ಟ್ ಬೇಯ ಈ ಎತ್ತರದ ಕಟ್ಟಡದಲ್ಲಿ ವರ್ಷವಿಡೀ ಎ.ಸಿ. ಗಾಳಿ ಕುಡಿದು ಮೂಗು ಸತ್ತೇ ಹೋಗಿದೆ. ಸುಮ್ಮನೆ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದೆ. ಕರ್ಪೂರ, ಪುದೀನ, ಜೊತೆಗೆ ಯಾವುದೋ ಬೇರಿನ ಒಗರು ವಾಸನೆ... ಕಣ್ಣಲ್ಲಿ ನೀರು ಬಂತು. ಪಕ್ಕದವನು "ತುಂಬಾ ಸ್ಟ್ರಾಂಗಾ ಸಾರ್?" ಎಂದ. ಹೌದು ಎಂದೆ.

ಆ ವಾಸನೆ ನಜ್ಮಾ ಎಂಬ ಹಳೆಯ ಬಡಾವಣೆಯ ಒಂದು ಕೆಫೆಟೇರಿಯಾದಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದ ಕಾಕನದು. ನಾನು ದೋಹಾಕ್ಕೆ ಬಂದ ಹೊಸತು, ಮದುವೆ ಆಗಿರಲಿಲ್ಲ. ಉಡುಪಿ ಕಡೆಯ ನಾವು ನಾಲ್ಕೈದು ಮಂದಿ ಕ್ರಿಶ್ಚಿಯನ್ ಹುಡುಗರು ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ ಒತ್ತಿಕೊಂಡು ಮಲಗುತ್ತಿದ್ದೆವು. ಕೆಳಗೆ ಟೈಲರ್ ಅಂಗಡಿ, ಅದರ ಪಕ್ಕದಲ್ಲಿ ಕೆಫೆಟೇರಿಯಾ. ಕಾಕ ಉಳ್ಳಾಲದ ಬ್ಯಾರಿಗಳು. ಆ ಬೀದಿಯಲ್ಲಿ ಕಾಕ ಎಂದು ಕೂಗಿದರೆ ನಾಲ್ಕು ತಲೆ ಹೊರಳುತ್ತಿದ್ದವು, ಹಾಗಾಗಿ ಇವರು ಬ್ಯಾಂಕಾಕ್ ಕಾಕ. ಗಲ್ಫಿಗೆ ಬರುವ ಮೊದಲು ಹೆಂಡತಿ ಮತ್ತು ಮಗನ ಜೊತೆ ಬಹಳ ವರ್ಷ ಬ್ಯಾಂಕಾಕಿನಲ್ಲಿದ್ದವರು. ನನ್ನನ್ನು ನಮ್ಮ ಊರ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ "ಪೊರ್ಬುಗಳೇ" ಎಂದು ಕರೆಯುತ್ತಿದ್ದರು. ಪರದೇಶದಲ್ಲಿ ಆ ಒಂದು ಶಬ್ದ ಕೇಳಲಿಕ್ಕೇ ನಾನು ಕರಕ್ ಚಾಯ್ ಕುಡಿಯಲು ಇಳಿಯುತ್ತಿದ್ದೆ ಎಂದರೂ ತಪ್ಪಿಲ್ಲ.

ಬ್ಯಾಂಕಾಕಿನಲ್ಲಿ ಅವರಿಗೆ ಸೂಟು ಹೊಲಿದು ಕೊಡುವ ಸಣ್ಣ ಅಂಗಡಿಯಿತ್ತು. ಬಿಳಿಯ ಪ್ರವಾಸಿಗರು ಇವತ್ತು ಅಳತೆ ಕೊಟ್ಟು ನಾಳೆ ಕೋಟು ಹಾಕಿಕೊಂಡು ವಿಮಾನ ಹತ್ತುತ್ತಿದ್ದರಂತೆ. ಮಳೆಗಾಲದಲ್ಲಿ ಅಂಗಡಿಯೊಳಗೆ ಮೊಣಕಾಲುದ್ದ ನೀರು. ಬಟ್ಟೆಯ ಥಾನುಗಳನ್ನೆಲ್ಲ ಅಟ್ಟಕ್ಕೇರಿಸಿ, ಪಕ್ಕದ ಅಂಗಡಿಯವರ ಜೊತೆ ಮೇಜಿನ ಮೇಲೆ ಕಾಲು ಮಡಚಿ ಕುಳಿತು ಮಾವಿನ ಹಣ್ಣು, ಅಂಟುಅಕ್ಕಿಯ ಅನ್ನ ತಿನ್ನುವುದು. ಅಲ್ಲಿಯ ಜನ ಸಿಟ್ಟು ಬಂದಾಗಲೂ ನಗುತ್ತಾರೆ, ಅದನ್ನು ಅರ್ಥ ಮಾಡಿಕೊಳ್ಳಲು ತನಗೆ ಐದಾರು ವರ್ಷ ಬೇಕಾಯಿತು ಎನ್ನುತ್ತಿದ್ದರು. ಮಾತಿನ ನಡುವೆ ಆ ನಳಿಗೆ ಜೇಬಿನಿಂದ ಹೊರಬರುತ್ತಿತ್ತು. ಒಮ್ಮೆ ಎಡಮೂಗು, ಒಮ್ಮೆ ಬಲಮೂಗು... ಮತ್ತೆ ಮಾತು. ದೋಹಾದ ಬಗ್ಗೆ ಅವರು ಅಷ್ಟು ಪ್ರೀತಿಯಿಂದ ಮಾತಾಡಿದ್ದು ನಾನು ಕೇಳಿಲ್ಲ. ಇಲ್ಲಿ ಇದ್ದದ್ದು ಕೆಲಸ, ಅಲ್ಲಿ ಇದ್ದದ್ದು ಸಂಸಾರ.

ಇನ್ನು ಅವರ ವಾರ್ತೆಯ ಹುಚ್ಚು. ಕೆಫೆಟೇರಿಯಾದ ಟಿ.ವಿ.ಯಲ್ಲಿ ಕ್ರಿಕೆಟ್ ಇದ್ದರೂ ಕಾಕ ತಿರುಗಿಸಿ ವಾರ್ತೆ ಹಾಕುತ್ತಿದ್ದರು. ಗಿರಾಕಿಗಳು ಹುಯಿಲೆಬ್ಬಿಸಿದರೂ ಜಗ್ಗುತ್ತಿರಲಿಲ್ಲ. ಅಮೆರಿಕದ ಚುನಾವಣೆ, ಎಣ್ಣೆಯ ಬೆಲೆ, ಯಾವ ದೇಶದಲ್ಲಿ ಸೈನ್ಯ ಬೀದಿಗಿಳಿಯಿತು, ಎಲ್ಲ ಅವರಿಗೆ ಮನೆಯ ಸುದ್ದಿ. ನಾವು ಅವರ ಕೌಂಟರಿಗೆ ವಿಶ್ವಸಂಸ್ಥೆ ಎಂದೇ ಹೆಸರಿಟ್ಟಿದ್ದೆವು. ಒಮ್ಮೆ ನಾನು, ನಿಮಗೆ ಯಾಕೆ ಕಾಕ ಈ ಮಂಡೆಬಿಸಿ, ಎಂದು ಕೇಳಿದ್ದಕ್ಕೆ ಅವರು ಹೇಳಿದರು:

"ಪೊರ್ಬುಗಳೇ, ನಾನು ಒಂದು ಬಟನ್ ಕೂಡ ತಪ್ಪು ಇಟ್ಟವನಲ್ಲ. ಯಾರೋ ಎಲ್ಲಿಯೋ ಕೂತು ಬ್ಯಾಂಕಾಕಿನ ದುಡ್ಡಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ರು. ನನ್ನ ಅಂಗಡಿ ಖಲಾಸ್. ಆಮೇಲೆ ನನಗೆ ಗೊತ್ತಾಯ್ತು. ನಾವು ಸುದ್ದಿ ನೋಡದಿದ್ರೂ ಸುದ್ದಿ ನಮ್ಮನ್ನು ನೋಡ್ತದೆ."

ಹೀಗಿರುವಾಗ ಒಂದು ಶುಕ್ರವಾರ ಕಾಕ ಚಾಯ್ ಕುಡಿಯುತ್ತಿದ್ದವರ ಮುಂದೆ ಬಾಯಿತಪ್ಪಿ, ಈ ಸಲದ ರಜೆಯಲ್ಲಿ ಬ್ಯಾಂಕಾಕಿಗೆ ಹೋಗುವ ಮನಸ್ಸುಂಟು ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಗಲ್ಫಿನಲ್ಲಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಗಂಡಸು ಬ್ಯಾಂಕಾಕ್ ಎಂಬ ಹೆಸರೆತ್ತಿದರೆ ಕೇಳಿದವರು ಮತ್ತೇನೂ ಕೇಳುವುದಿಲ್ಲ, ಕಣ್ಣು ಮಿಟುಕಿಸುತ್ತಾರೆ. ಒಬ್ಬ ಟ್ಯಾಕ್ಸಿ ಡ್ರೈವರ್ ಮೇಜು ಬಡಿದು "ಕಾಕನಿಗೆ ಈ ಪ್ರಾಯದಲ್ಲಿ ಮಸಾಜ್ ಬೇಕಂತೆ!" ಎಂದ. ಕೆಫೆಟೇರಿಯಾ ಇಡೀ ನಕ್ಕಿತು. ಕಾಕನೂ ನಕ್ಕರು. ಆದರೆ ಎಣಿಸಿಟ್ಟ ಚಿಲ್ಲರೆಯನ್ನೇ ಮತ್ತೆ ಎಣಿಸತೊಡಗಿದರು.

ಮರುದಿನ ಅವರು ನನ್ನನ್ನು ಲ್ಯಾಪ್‌ಟಾಪ್ ತರಲು ಹೇಳಿದರು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಬ್ಯಾಂಕಾಕ್ ತೋರಿಸಿ ಎಂದರು. ತೋರಿಸಿದೆ. ಕಾಲುವೆ ಹುಡುಕಿಸಿದರು, ಕಾಲುವೆಯ ದಡದ ಮಸೀದಿ ಹುಡುಕಿಸಿದರು, ಮಸೀದಿಯ ಹಿಂದಿನ ಹಸಿರು ತುಂಡು ದೊಡ್ಡದು ಮಾಡಿಸಿದರು. ಅಲ್ಲಿ ಒಂದು ಮರದ ನೆತ್ತಿ ಕಾಣುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು "ಇಲ್ಲಿ... ಈ ಮರದ ಹತ್ತಿರ" ಎಂದರು.

ಅಲ್ಲಿ ಅವರ ಮಗಳಿದ್ದಳು. ಮಗನ ನಂತರ ಹುಟ್ಟಿದವಳು, ಬ್ಯಾಂಕಾಕಿನಲ್ಲೇ. ಮಾತು ಕಲಿಯುವ ಪ್ರಾಯದಲ್ಲಿ ಜ್ವರ ಬಂದು ಹೋದಳಂತೆ. ಆ ಮಸೀದಿಯ ಖಬರಸ್ತಾನದಲ್ಲಿ ಮಲಗಿಸಿ, ಅಂಗಡಿ ಮುಚ್ಚಿದ ಮೇಲೆ ಅವಳನ್ನು ಅಲ್ಲಿಯೇ ಬಿಟ್ಟು ಮೂವರು ಊರಿಗೆ ಬಂದರು. ಕಾಕನ ಹೆಂಡತಿ ಅವರ ಹತ್ತಿರ ಕೇಳಿದ್ದು ಒಂದೇ: ನನ್ನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ನನ್ನನ್ನು ಬಿಟ್ಟು ನೀವೊಬ್ಬರೇ ಹೋಗಬೇಡಿ. ಕಾಕನಿಗೆ ಹೆದರಿಕೆ ಇನ್ನೊಂದಿತ್ತು. ಊರು ಬೆಳೆದು ಜಾಗ ಸಾಲದ ಕಡೆ ಹಳೆಯ ಖಬರಿನಲ್ಲೇ ಹೊಸಬರನ್ನು ಮಲಗಿಸುತ್ತಾರೆ. "ಅದರಲ್ಲಿ ತಪ್ಪಿಲ್ಲ, ನಮ್ಮಲ್ಲೂ ಹಾಗೇ. ಆದ್ರೆ ಅದಕ್ಕಿಂತ ಮೊದಲು ಅವಳ ತಾಯಿ ಒಮ್ಮೆ ನೋಡ್ಬೇಕಲ್ಲ" ಎಂದರು.

ದೋಹಾದಿಂದ ಬ್ಯಾಂಕಾಕ್ ಏನು ಮಹಾ ದೂರ, ಬೆಳಿಗ್ಗೆ ಹತ್ತಿದರೆ ಸಂಜೆಗೆ ಇಳಿಯಬಹುದು ಎಂದು ಓದುವವರಿಗೆ ಅನ್ನಿಸಬಹುದು. ಗಲ್ಫಿನಲ್ಲಿ ದುಡಿದವರಿಗೆ ಹಾಗನ್ನಿಸುವುದಿಲ್ಲ. ನಮ್ಮ ರಜೆ ನಮ್ಮದಲ್ಲ, ಊರಿನದು. ಎರಡು ವರ್ಷಕ್ಕೊಮ್ಮೆ ಸಿಗುವ ಟಿಕೆಟ್ಟಿನಲ್ಲಿ ಮಂಗಳೂರಿನ ಹೆಸರು ಬಿಟ್ಟು ಬೇರೆ ಬರೆಯುವುದಿಲ್ಲ. ಇಳಿಯುವ ದಿನವೇ ಯಾರದೋ ನಿಶ್ಚಿತಾರ್ಥ ಇಟ್ಟಿರುತ್ತಾರೆ. ಕಾಕನ ಒಂದು ರಜೆ ತಂಗಿಯ ಮಗಳ ನಿಕಾಹಿಗೆ ಹೋಯಿತು, ಒಂದು ಮನೆಯ ಸ್ಲ್ಯಾಬಿಗೆ, ಒಂದು ಅಣ್ಣನ ಆಪರೇಷನ್ನಿಗೆ. ಹೆಂಡತಿ ಸೂಟ್‌ಕೇಸ್ ಬಿಚ್ಚುವಾಗ ಮುಖ ನೋಡುತ್ತಾಳೆ, ಮತ್ತೆ ಕಟ್ಟುವಾಗ ಮುಖ ನೋಡುವುದಿಲ್ಲ ಎಂದು ಅವರು ಒಮ್ಮೆ ಹೇಳಿದ್ದರು.

ಊರು ಬಿಟ್ಟುಕೊಟ್ಟ ರಜೆಗಳಲ್ಲಿ ಲೋಕ ಅಡ್ಡ ಬಂತು. ಆ ಶುಕ್ರವಾರದ ತಮಾಷೆ ನಡೆದ ವರ್ಷ ಕಾಕ ನಿಜವಾಗಿಯೂ ಎರಡು ಟಿಕೆಟ್ ಮಾಡಿಸಿದ್ದರು. ಅಷ್ಟರಲ್ಲಿ ಬ್ಯಾಂಕಾಕಿನಲ್ಲಿ ಚಳವಳಿಯವರು ವಿಮಾನ ನಿಲ್ದಾಣದೊಳಗೇ ಕುಳಿತುಬಿಟ್ಟರು. ಇನ್ನೊಮ್ಮೆ ನೆರೆ ಬಂತು, ಅದರ ನಂತರದ ಸಲ ಸೈನ್ಯ ಸರ್ಕಾರ ಇಳಿಸಿತು, ಇವರ ಹೆಂಡತಿ ಹೆದರಿ ಬೇಡ ಎಂದರು. ಮತ್ತೊಂದು ಸಲ ಅಲ್ಲಿ ಎಲ್ಲ ಶಾಂತವಾಗಿತ್ತು, ಆದರೆ ಇಲ್ಲಿ ಕತಾರಿಗೆ ನೆರೆಯ ದೇಶದವರು ಗಡಿ ಮುಚ್ಚಿದರು. ಹಾಲು ಬರುವುದೇ ನಿಂತು ಚಾಯ್‌ಗೆ ಪರದಾಟವಾಗಿ ಕೆಫೆಟೇರಿಯಾದ ಮಾಲೀಕ ಯಾರಿಗೂ ರಜೆ ಮಾಫಿ, ಅಂದರೆ ಇಲ್ಲ, ಎಂದ. ಕೊನೆಗೆ ಅವರು ರಾಜಿಯಾಗಿ ಗಡಿ ತೆರೆಯುವ ಹೊತ್ತಿಗೆ ಕೊರೊನಾ. ಕಾಕ ಟಿ.ವಿ. ಆರಿಸಿ "ದೊಡ್ಡವರು ಜಗಳ ಮಾಡಿದ್ರೂ ನನ್ನ ಟಿಕೆಟ್ ಕ್ಯಾನ್ಸಲ್, ರಾಜಿ ಮಾಡಿದ್ರೂ ಕ್ಯಾನ್ಸಲ್" ಎಂದು ನಕ್ಕರು. ಆ ನಗುವಿನಲ್ಲಿ ಶಕ್ತಿಯೇ ಇರಲಿಲ್ಲ. ನನಗೂ ಆ ಹೊತ್ತಿಗೆ ಮದುವೆಯಾಗಿ, ದೂರದ ಅಲ್ ಖೋರಿನಲ್ಲಿ ಸಂಸಾರ ಹೂಡಿ, ದಿನಾ ಆಫೀಸಿಗೆ ಓಡಾಡಿ ಸಾಕಾಗಿ ಹೋಗಿತ್ತು. ಚಾಯ್ ಮುಗಿಸಿ ದುಡ್ಡು ಕೊಟ್ಟು ಹೊರಟೆ.

ವಯಸ್ಸಾಯಿತೆಂದು ಕಾಕನ ವೀಸಾ ನವೀಕರಣವಾಗಲಿಲ್ಲ. ಊರಿಗೆ ಹೊರಟರು. ಅಷ್ಟರಲ್ಲಿ ಹೆಂಡತಿಯ ಮೊಣಕಾಲು ಕೆಟ್ಟು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವ ಸ್ಥಿತಿ. ಅವರೇ ಫೋನಿನಲ್ಲಿ, ನನ್ನಿಂದ ಆಗುವುದಿಲ್ಲ, ನೀವಾದರೂ ನೋಡಿಕೊಂಡು ಬನ್ನಿ, ಎಂದರಂತೆ. ಕಾಕ ತಮ್ಮ ದುಡ್ಡಿನಲ್ಲಿ ಟಿಕೆಟ್ ಮಾಡಿಸಿ ದೋಹಾದಿಂದ ಬ್ಯಾಂಕಾಕಿಗೆ ಹೋಗಿ, ಅಲ್ಲಿಂದ ಮನೆ ಸೇರಿದರು. ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಕಾಯುತ್ತ ಕುಳಿತು ನನಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದರು.

"ಪೊರ್ಬುಗಳೇ, ಹೋಗಿ ಬಂದೆ. ಮಸೀದಿ ಉಂಟು, ಮರ ಕೂಡ ಉಂಟು. ನಮ್ಮ ಮಗು ಇದ್ದಲ್ಲಿ ಬೇರೆಯವರ ಕಲ್ಲು ಉಂಟು. ಅದು ಕೂಡ ಸಣ್ಣ ಖಬರ್... ಯಾರ ಮಗುವೋ ಎಂತದೋ. ಎರಡು ಮಕ್ಕಳಿಗೂ ಸೇರಿಸಿ ಕುರ್‌ಆನಿನ ಯಾಸೀನ್ ಓದಿದೆ. ಮನೆಯಲ್ಲಿ ಎಂತ ಹೇಳುದು ಅಂತ ಗೊತ್ತಾಗುದಿಲ್ಲ ಮಾರಾಯ್ರೆ."

ನಾನು ಏನು ಉತ್ತರ ಬರೆದೆನೋ ನೆನಪಿಲ್ಲ. ದೇವರಿದ್ದಾನೆ ಎಂದೋ ಏನೋ ಬರೆದಿರಬೇಕು. ಒಂದೆರಡು ವರ್ಷದಲ್ಲಿ ಕಾಕ ತೀರಿಕೊಂಡರು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ಆ ದಿನಗಳಲ್ಲಿ ನನಗೆ ರಜೆ ಸಿಗಲಿಲ್ಲ.

ಹೋದ ರಜೆಯಲ್ಲಿ ಉಳ್ಳಾಲಕ್ಕೆ ಹೋಗಿದ್ದೆ. ಕಾಕನ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಬ್ಯಾರಿಗಳು ತಾಯಿಯನ್ನು ಕರೆಯುವ ಹಾಗೆ ಉಮ್ಮ ಎಂದು ಕರೆದೆ. ಕಾಕ ನನ್ನ ಬಗ್ಗೆ ಎಷ್ಟು ಹೇಳಿದ್ದರೆಂದರೆ ಅವರು ನನಗೆ ಚಾಯ್‌ಗೆ ಸಕ್ಕರೆ ಎಷ್ಟು ಎಂದು ಕೇಳಲೇ ಇಲ್ಲ. ಮೊಣಕಾಲಿನ ಆಪರೇಷನ್ ಆಗಿತ್ತು, ಚೆನ್ನಾಗಿ ಓಡಾಡುತ್ತಿದ್ದರು. ಚಾಯ್ ಕೊಟ್ಟು ಎದುರು ಕುಳಿತು ಅವರು ಮಾತು ತೆಗೆದದ್ದು ಬ್ಯಾಂಕಾಕಿನದ್ದೇ.

"ಮಗು ಅಲ್ಲಿಯೇ ಉಂಟಂತಲ್ಲ. ಕಲ್ಲಿನಲ್ಲಿ ಹೆಸರು ಸ್ವಲ್ಪ ಮಾಸಿದೆಯಂತೆ. ಇವರು ನೀರು ಹಾಕಿ ಒರೆಸಿ ಬಂದ್ರಂತೆ. ಸುತ್ತ ಹುಲ್ಲು ಕೂಡ ಕಿತ್ತು ಬಂದಿದ್ದಾರೆ. ನೀವೂ ಕಂಪ್ಯೂಟರಿನಲ್ಲಿ ಆ ಜಾಗ ನೋಡಿದ್ದೀರಿ ಅಂತ ಹೇಳ್ತಿದ್ರು. ಹೌದಾ?"

ಕಾಕ ಮನೆಯಲ್ಲಿ ಏನು ಹೇಳಿದರೆಂದು ನನಗೆ ಆಗ ತಿಳಿಯಿತು. ಅಷ್ಟು ವರ್ಷ ಲೋಕದ ಸುದ್ದಿಯನ್ನೆಲ್ಲ ಹೆಕ್ಕಿ ಹೆಕ್ಕಿ ನಿಜ ಯಾವುದು ಸುಳ್ಳು ಯಾವುದು ಎಂದು ನಮಗೆ ಬಿಡಿಸಿ ಹೇಳಿದ ಮನುಷ್ಯ ಮನೆಗೆ ಒಂದು ಸುಳ್ಳು ಸುದ್ದಿ ತಂದಿದ್ದರು. ಅದಕ್ಕೆ ನನ್ನನ್ನು ಸಾಕ್ಷಿಯನ್ನೂ ಮಾಡಿದ್ದರು.

"ಹೌದು ಉಮ್ಮ, ನೋಡಿದ್ದೇನೆ" ಎಂದೆ. "ಒಂದು ಮರ ಉಂಟು ಅಲ್ಲಿ."

ಉಮ್ಮನ ಮುಖ ಅರಳಿತು. ಮಗ ಈಗ ಮಂಗಳೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಇಬ್ಬರಿಗೂ ಬ್ಯಾಂಕಾಕಿಗೆ ಟಿಕೆಟ್ ಮಾಡಿಸುತ್ತಾನಂತೆ ಎಂದರು. ಹೆಂಗಸರು ಖಬರಿನ ಹತ್ತಿರ ಹೋಗುವುದು ತಮ್ಮ ಕಡೆ ರೂಢಿಯಿಲ್ಲ, ಗೇಟಿನ ಹೊರಗೆ ನಿಲ್ಲುತ್ತೇನೆ, ಮಗ ಒಳಗೆ ಹೋಗಿ ತಂಗಿಯ ಹೆಸರಿನ ಕಲ್ಲು ಹುಡುಕಿ ಕೈ ಎತ್ತಿ ತೋರಿಸಿದರೆ ಸಾಕು ಎಂದರು. ನಾನು ಚಾಯ್ ಲೋಟ ಕೆಳಗಿಟ್ಟು ಎದ್ದೆ. ಹೇಳಬೇಕಾಗಿತ್ತೋ ಏನೋ... ಹೇಳುವ ಧೈರ್ಯ ಕಾಕನಿಗೇ ಇರಲಿಲ್ಲ, ನನಗೆಲ್ಲಿಂದ ಬರಬೇಕು.

ಈಗ ನಾನೂ ವಾರ್ತೆ ನೋಡುತ್ತೇನೆ. ಈಚೆಗೆ ನಮ್ಮ ಆಕಾಶದಲ್ಲೇ ಬೆಂಕಿಯುಂಡೆಗಳು ಹಾದುಹೋಗಿ ವಿಮಾನಗಳೆಲ್ಲ ನಿಂತಿದ್ದವು. ನನ್ನ ಮಗ "ಪಪ್ಪಾ, ಈಸ್ ಇಟ್ ವಾರ್?" ಎಂದು ಕೇಳಿದ. ಕನ್ನಡದಲ್ಲಿ ಕೇಳು ಎಂದು ಗದರುವ ಅಭ್ಯಾಸ ನನಗೆ, ಅವತ್ತು ಗದರಲಿಲ್ಲ. ಸುದ್ದಿ ನಮ್ಮನ್ನು ನೋಡುತ್ತದೆ ಎಂದು ಕಾಕ ಹೇಳಿದ್ದು ಸುಳ್ಳಲ್ಲ. ಆದರೆ ಈಗೀಗ ನಾನು ಹೆಚ್ಚು ಹುಡುಕುವುದು ಥಾಯ್ಲೆಂಡಿನ ಸುದ್ದಿಯನ್ನು. ಅಲ್ಲಿಯ ಗಡಿಯಲ್ಲಿ ಜಗಳ ಎಂದು ಬಂದಾಗ ಯಾವುದೋ ಬಡಪಾಯಿಗಳು ಮನೆ ಬಿಟ್ಟು ಓಡುತ್ತಿರುವ ಚಿತ್ರ ನೋಡುತ್ತೇನೆ, ಅಯ್ಯೋ ಅನ್ನಿಸುತ್ತದೆ, ಅದರ ಹಿಂದೆಯೇ, ಉಮ್ಮನ ಪ್ರಯಾಣ ಮುಂದೆ ಹೋಗುತ್ತದಲ್ಲ ಎಂದು, ಒಂದು ಸಣ್ಣ ಸಮಾಧಾನವೂ ಆಗುತ್ತದೆ. ನನ್ನ ಮೇಲೆ ನನಗೇ ಹೇಸಿಗೆ.

ಮೊನ್ನೆ ಉಮ್ಮನ ಮಗ ಫೋನ್ ಮಾಡಿದ್ದ. ಗಡಿಯಲ್ಲಿ ಏನೋ ಗಲಾಟೆಯಂತೆ, ಬ್ಯಾಂಕಾಕಿಗೆ ಹೋಗಬಹುದಾ, ನಮ್ಮ ಅಬ್ಬ ಬದುಕಿದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ, ಈಗ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ, ಎಂದ. ಗಡಿ ಎಲ್ಲಿ, ಬ್ಯಾಂಕಾಕ್ ಎಲ್ಲಿ. ತೊಂದರೆಯೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಈಗ ಬೇಡ ಮಾರಾಯ. ಸ್ವಲ್ಪ ಸಮಯ ನೋಡುವ" ಎಂದೆ.

ಹಿಂದಿನಿಂದ ಉಮ್ಮನ ಸ್ವರ ಕೇಳಿಸಿತು. "ಅವರಿಗೆ ಪರ್ವಾಗಿಲ್ಲ ಅಂತ ಹೇಳು ಮೋನೇ. ನನಗೆ ಕಾದು ಅಭ್ಯಾಸ ಉಂಟು."

ಫೋನ್ ಇಟ್ಟೆ. ಕಾಕ ಇಲ್ಲದ್ದು ನನಗೆ ಅವತ್ತು ಸರಿಯಾಗಿ ಗೊತ್ತಾಯಿತು.